ಮಿಕ್ಕ ಹೊತ್ತು

ಬಿಡುವನ್ನು ಸಂಪಾದಿಸುವುದು ಕಷ್ಟವೋ, ಉಳಿಸಿಕೊಳ್ಳುವುದು ಕಷ್ಟವೋ? ಹೋಳೂರಿನ ಕಡೆಯ ರೇಷ್ಮೆ ಬೆಳೆಗಾರರನ್ನು ಕಂಡಾಗಲೆಲ್ಲ ನನಗೆ ಈ ಪ್ರಶ್ನೆ ಏಳುತ್ತದೆ.

ಹುಳು ಸಾಕುವುದು ಮನೆಮಂದಿಯನ್ನೆಲ್ಲ ಕಟ್ಟಿಹಾಕುವ ಕಸಬು. ಮೊಟ್ಟೆಯೊಡೆದಂದಿನಿಂದ ಗೂಡು ಕಟ್ಟುವವರೆಗೆ ಸುಮಾರು 25 ದಿನ, ನಾಲ್ಕು ಜ್ವರ. ಕೊನೆಯ ವಾರದ ಹಸಿವಿಗಂತೂ ಹಗಲಿರುಳಿಲ್ಲ. ಹಿಂದೆ ಎಲೆ ಬಿಡಿಸಿ, ಹೆಚ್ಚಿ, ತಟ್ಟೆ ತಟ್ಟೆಗೂ ಹಾಕಬೇಕಿತ್ತು. ಈಗ ಎರಡು ಜ್ವರ ಕಳೆದ ಹುಳುವನ್ನೇ ಚಾಕಿ ಕೇಂದ್ರದಿಂದ ತರಬಹುದು. ಮೊದಲ ವಾರದ ಎಳೆಗೂಸಿನ ಆರೈಕೆ ತಪ್ಪಿತು. ಸೊಪ್ಪನ್ನು ಕಡ್ಡಿಸಮೇತ ಹಾಸಿದರೆ ಬಿಡಿಸುವ ಕೆಲಸವೂ ಇಲ್ಲ.

ಮಿಕ್ಕ ಹೊತ್ತು ಎಲ್ಲಿ ಹೋಯಿತು? ಬಹುಮಂದಿ ಅದನ್ನು ಮತ್ತೆ ಹುಳುವಿಗೇ ತಿನ್ನಿಸಿದರು. ನೂರು ಮೊಟ್ಟೆ ಇನ್ನೂರಾಯಿತು. ದೂರುವಂತಿಲ್ಲ, ಸದಾ ಹರಿಯುವ ನದಿಯೊಂದಿಲ್ಲದ ಸೀಮೆ, ಕೊಳವೆ ಬಾವಿಯ ಸಾಲ, ನಿಂತಲ್ಲಿ ನಿಲ್ಲದ ಗೂಡಿನ ಬೆಲೆ. ಸಾಲಗಾರನಿಗೆ ಬಿಡುವನ್ನು ಬೋಧಿಸುವುದು ಉಂಡವನು ಹಸಿದವನಿಗೆ ಏಕಾದಶಿ ಹೇಳಿದಂತೆ.

ಆದರೆ ಸಾಲ ತೀರಿದ ಮೇಲೆ? ನಮ್ಮ ಭಾಷೆಯಲ್ಲಿ ‘ಸಾಕು’ ಎಂದರೆ ಪೋಷಿಸು ಎಂದೂ ಅರ್ಥ, ಇನ್ನು ಬೇಡ ಎಂದೂ ಅರ್ಥ. ಮೊದಲನೆಯದನ್ನು ಚೆನ್ನಾಗಿ ಕಲಿತೆವು. ಎರಡನೆಯದನ್ನು ಯಾವ ಕೇಂದ್ರದವರೂ ಕಲಿಸಿಕೊಡರು.

ನನಗೆ ಪರಿಚಯದ ಹಿರಿಯರೊಬ್ಬರು ಸಾಲ ತೀರಿದ ಮೇಲೆ ಮೊಟ್ಟೆ ಹೆಚ್ಚಿಸಲಿಲ್ಲ. ಸಂಜೆ ಕೆರೆ ಏರಿಯ ಮೇಲೆ ಮೊಮ್ಮಕ್ಕಳೊಡನೆ ಕೂರುತ್ತಾರೆ. ಕೇಳಿಕೆಯಾದರೆ ಬೆಳಗಿನವರೆಗೆ ನೋಡುತ್ತಾರೆ. “ನಷ್ಟವಲ್ಲವೆ?” ಎಂದೆ.

“ಒಂದು ವರ್ಷ ನಮ್ಮಣ್ಣ ಭೀಮನ ವೇಷ ಕಟ್ಟಿದ್ದ, ಸ್ವಾಮಿ. ನಾನು ಹುಳಕ್ಕೆ ಸೊಪ್ಪು ಹಾಕ್ತಾ ಮನೇಲೇ ಉಳಿದೆ. ಮುಂದಿನ ವರ್ಷ ನೋಡೋಣ ಅಂದ್ಕೊಂಡೆ. ಮುಂದಿನ ವರ್ಷಕ್ಕೆ ಅವನೇ ಇರಲಿಲ್ಲ.”

ಆ ಮೇಲೆ ನಾನು ನಷ್ಟದ ಮಾತೆತ್ತಲಿಲ್ಲ.