ಸಹಿ ಯಾರಪ್ಪನ ಆಸ್ತಿ?

ಕಂಬ ಹತ್ತೋನಿಗೂ ಕಂಬ ಹತ್ತಿಸೋನಿಗೂ ನಡುವೆ ಒಂದು ಕಾಗದ ಇದೆ. ಆ ಕಾಗದದ ಬಗ್ಗೆ ನಾವು ನಾಲ್ಕು ಮಾತು ಆಡಲೇಬೇಕಾಗಿದೆ.

ನಮ್ಮೊಳಗೊಬ್ಬ ಏಳು ವರ್ಷ ಒಬ್ಬ ಎಲೆಕ್ಟ್ರಿಕಲ್ ಕಂಟ್ರಾಕ್ಟರ ಕೈಕೆಳಗೆ ಹೆಲ್ಪರಾಗಿ ದುಡಿದ. ಎಸ್ಸೆಸ್ಸೆಲ್ಸಿ ಮುಗಿಸಿ ಸೇರಿದವನು. ಐಟಿಐಗೆ ಹೋಗೋಕೆ ಮನೇಲಿ ಆಗಲಿಲ್ಲ. ಮೊದಲ ವರ್ಷ ಗೋಡೆ ಕೊರೆದ, ಪೈಪು ಹೂತ. ಮಾರನೇ ವರ್ಷ ವೈರು ಎಳೆದ. ಮೂರನೇ ವರ್ಷದ ಹೊತ್ತಿಗೆ ಪಂಪ್‌ಸೆಟ್ಟಿನ ಸ್ಟಾರ್ಟರ್ ಬಿಚ್ಚಿ ಜೋಡಿಸುವಷ್ಟಾದ. ಕಲಿಸಿದ್ದು ಕಂಟ್ರಾಕ್ಟರನಲ್ಲ, ತನಗಿಂತ ಮೊದಲು ಬಂದಿದ್ದ ಇನ್ನೊಬ್ಬ ಹೆಲ್ಪರು. ಅವನಿಗೂ ಪರ್ಮಿಟ್ ಇರಲಿಲ್ಲ. ಆಮೇಲೆ ಕಂಟ್ರಾಕ್ಟರ ಸೈಟಿಗೆ ಬರೋದನ್ನೇ ಬಿಟ್ಟ. ಫೋನಿನಲ್ಲಿ ಹೇಳಿದರೆ ಕೆಲಸ ಮುಗೀತಿತ್ತು.

ವೈರ್‌ಮನ್ ಪರ್ಮಿಟ್ಟಿಗೆ ಅರ್ಜಿ ಹಾಕೋಣ ಅಂತ ನಮ್ಮವನು ಹೊರಟ. ಐಟಿಐ ಇಲ್ಲದವನಿಗೆ ಅನುಭವ ಪತ್ರ ಬೇಕು. ಅದಕ್ಕೆ ಲೈಸೆನ್ಸ್ ಇರುವ ಕಂಟ್ರಾಕ್ಟರ ಸಹಿ ಬೇಕು. ‘ಅಣ್ಣಾ, ಒಂದ್ ಸೈನ್ ಹಾಕ್ಕೊಡಿ’ ಅಂತ ಕೇಳಿದ.

‘ನಿಂಗ್ಯಾಕ್ಲಾ ಪರ್ಮಿಟ್ಟು? ನನ್ ಲೈಸೆನ್ಸ್ ಇಲ್ವಾ? ಅದ್ರಡೀಲೇ ತಾನೇ ನೀನು ಅನ್ನ ತಿಂತಿರಾದು?’

ಹಬ್ಬ ಕಳೀಲಿ ಅಂದ, ಬಿಲ್ ಪಾಸಾಗಲಿ ಅಂದ, ಸೀಲು ಮನೇಲೈತೆ ಅಂದ. ಹೀಗೆ ಹದಿನಾಲ್ಕು ತಿಂಗಳು. ಇಲ್ಲ ಅಂತ ಒಂದು ಸಲವೂ ಬಾಯಿ ಬಿಟ್ಟು ಹೇಳಲಿಲ್ಲ. ಇಲ್ಲ ಅಂದಿದ್ದರೆ ಜಗಳವಾದರೂ ಆಡಬಹುದಿತ್ತು.

ಈ ಕಾಗದಕ್ಕೆ ಇಷ್ಟು ಬೆಲೆ ಯಾಕೆ ಅನ್ನೋದನ್ನ ತಿಳಿದುಕೊಳ್ಳಬೇಕು. 1956ರ ಭಾರತೀಯ ವಿದ್ಯುತ್ ನಿಯಮಗಳ 45ನೆಯ ನಿಯಮ ಹೀಗಿತ್ತು: ವೈರಿಂಗ್ ಕೆಲಸವನ್ನು ಲೈಸೆನ್ಸ್ ಇರುವ ಕಂಟ್ರಾಕ್ಟರೇ ಮಾಡಿಸಬೇಕು, ಅರ್ಹತಾ ಪತ್ರ ಇರುವವನು ಪಕ್ಕದಲ್ಲೇ ನಿಂತು ನೋಡಿಕೊಳ್ಳಬೇಕು, ಪರ್ಮಿಟ್ ಇರುವವನೇ ಕೈ ಹಾಕಬೇಕು. ಬಲ್ಬು, ಫ್ಯಾನು, ಫ್ಯೂಸಿನಂಥವನ್ನ ಬದಲಾಯಿಸೋದಕ್ಕೆ ಮಾತ್ರ ವಿನಾಯಿತಿ. ಆ ನಿಯಮ ಹೋಗಿ 2010ರಲ್ಲಿ, ಮತ್ತೆ 2023ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರದ ಹೊಸ ನಿಯಮಗಳು ಬಂದವು. ತಿರುಳು ಅದೇ. ಕಾನೂನು ತಪ್ಪಲ್ಲ. ಕರೆಂಟು ಯಾರ ಮಾತನ್ನೂ ಕೇಳೋದಿಲ್ಲ, ತಿಳಿದವನೇ ಮುಟ್ಟಬೇಕು. ಆದರೆ ತಿಳಿದವನು ಯಾರು ಅಂತ ಹೇಳುವ ಬಾಯಿಯನ್ನ, ಅವನು ತಿಳಿಯದವನಾಗೇ ಉಳಿದರೆ ಲಾಭವಾಗುವ ಮನುಷ್ಯನಿಗೇ ಕೊಟ್ಟಿದೆಯಲ್ಲ, ತೊಡಕು ಇರೋದು ಅಲ್ಲಿ.

ಕಂಟ್ರಾಕ್ಟರ ವಾದವನ್ನೂ ಕೇಳೋಣ. ಅದನ್ನ ಕೇಳದೆ ಬೈಯೋದು ಸುಲಭ. ಅವನು ಹೇಳೋದು ಎರಡು ಮಾತು. ಒಂದು: ‘ನಾನು ಸಹಿ ಹಾಕಿ, ನಾಳೆ ಅವನು ಎಲ್ಲೋ ತಪ್ಪು ಮಾಡಿ, ಯಾರದೋ ಮನೆ ಹೊತ್ತಿಕೊಂಡರೆ ನನ್ನ ತಲೆಗೆ ಬರ್ತದೆ.’ ಸರಿ ಸ್ವಾಮಿ. ಆದರೆ ಅದೇ ಹುಡುಗನನ್ನ ನಿನ್ನೆ ಮೂರು ಫೇಸಿನ ಕೆಲಸಕ್ಕೆ ಒಬ್ಬನನ್ನೇ ಕಳಿಸಿದ್ದು ಯಾರು? ಅವನು ಕಾಗದಕ್ಕೆ ಲಾಯಕ್ಕಿಲ್ಲದಿದ್ದರೆ ಕಂಬಕ್ಕೂ ಲಾಯಕ್ಕಿಲ್ಲ. ಕಂಬಕ್ಕೆ ಲಾಯಕ್ಕಿದ್ದರೆ ಕಾಗದಕ್ಕೂ ಲಾಯಕ್ಕು. ಪ್ರಾಣ ಒಡ್ಡುವಾಗ ಗೊತ್ತಿರುವವನು, ಹೆಸರು ಬರೆಯುವಾಗ ಗೊತ್ತಿಲ್ಲದವನು ಅಂದರೆ ನಾವು ಹೇಗೆ ಒಪ್ಪೋದು?

ಎರಡನೆಯದು ಋಣದ ಮಾತು. ‘ನಾನು ಅನ್ನ ಕೊಟ್ಟೆ, ಕೆಲಸ ಕೊಟ್ಟೆ. ಪರ್ಮಿಟ್ ಸಿಕ್ಕಿದ ತಕ್ಷಣ ಇವನು ಬಿಟ್ಟು ಹೋಗ್ತಾನೆ.’ ಹೌದು, ಹೋಗ್ತಾನೆ. ಹೋಗೋದಕ್ಕೇ ಪರ್ಮಿಟ್ ಬೇಕಾಗಿರೋದು. ನಮ್ಮ ಅಜ್ಜಂದಿರು ಈ ಮಾತನ್ನ ಬಹಳ ಕೇಳಿದ್ದಾರೆ. ಜೀತಕ್ಕಿದ್ದವನಿಗೆ ಧಣಿ ಹೇಳುತ್ತಿದ್ದದ್ದೂ ಅನ್ನದ ಋಣವನ್ನೇ. 1976ರ ಕಾಯ್ದೆ ಜೀತವನ್ನು ರದ್ದು ಮಾಡಿತು. 1982ರಲ್ಲಿ ಏಷ್ಯಾಡ್ ಕಾಮಗಾರಿಯ ಕೂಲಿಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇನ್ನೂ ಮುಂದೆ ಹೋಗಿ, ಬಲಾತ್ಕಾರ ಅಂದರೆ ಬಾರುಕೋಲು ಮಾತ್ರ ಅಲ್ಲ, ಬೇರೆ ದಾರಿಯೇ ಇಲ್ಲದ ಬಡತನವೂ ಬಲಾತ್ಕಾರವೇ ಎಂದಿತು. ಅದು ಕನಿಷ್ಠ ಕೂಲಿಯ ಪ್ರಶ್ನೆ, ನಮ್ಮದು ಸಹಿಯ ಪ್ರಶ್ನೆ, ಎರಡೂ ಒಂದೇ ಅಂತ ಕೋರ್ಟು ಹೇಳಿಲ್ಲ. ಆದರೆ ಬೇರೆ ದಾರಿಗಳನ್ನೆಲ್ಲ ಮುಚ್ಚಿ ಒಬ್ಬನನ್ನು ಇಟ್ಟುಕೊಳ್ಳೋದು ಏನು ಅಂತ ಕೇಳುವ ಹಕ್ಕು ನಮಗಿದೆ. ಅಂದು ಸಾಲದ ಪತ್ರ ಬರೆಸಿಕೊಂಡು ಕಟ್ಟಿಹಾಕುತ್ತಿದ್ದರು, ಇಂದು ಪತ್ರ ಬರೆದುಕೊಡದೆ ಕಟ್ಟಿಹಾಕುತ್ತಾರೆ.

ಇಂಥ ಕಡೆ ಎಲ್ಲರೂ ಏಕಲವ್ಯನನ್ನು ಎಳೆದು ತರುತ್ತಾರೆ. ನಮಗೆ ಆ ಹೋಲಿಕೆ ಅಷ್ಟು ಕೂಡಿಬರುವುದಿಲ್ಲ. ದ್ರೋಣ ಬೆರಳು ಕೇಳಿದ್ದು ವಿದ್ಯೆ ನಿಲ್ಲಲಿ ಅಂತ. ಈ ಕಂಟ್ರಾಕ್ಟರನಿಗೆ ಬೆರಳು ಬೇಕು, ಹತ್ತೂ ಬೆರಳು ಚೆನ್ನಾಗಿರಬೇಕು, ವಿದ್ಯೆ ದಿನವೂ ನಡೀಬೇಕು. ಅದಕ್ಕೆ ಹೆಸರೊಂದು ಇರಬಾರದು, ಅಷ್ಟೆ.

ಅಂಬೇಡ್ಕರರೂ ಕಾಗದದ ಬಾಗಿಲ ಮುಂದೆ ನಿಂತವರೇ. ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನ ಪಡೆದು 1913ರಲ್ಲಿ ಅಮೆರಿಕಕ್ಕೆ ಹೋಗುವಾಗ ಹತ್ತು ವರ್ಷ ಸಂಸ್ಥಾನದ ಚಾಕರಿ ಮಾಡುವ ಒಪ್ಪಂದಕ್ಕೆ ಸಹಿ ಹಾಕಿದ್ದರು. 1917ರಲ್ಲಿ ಮಾತಿನಂತೆ ಬರೋಡಾಕ್ಕೆ ಹೋದರು. ಆ ಊರು ಅವರಿಗೆ ತಲೆ ಇಡೋಕೆ ಒಂದು ಜಾಗ ಕೊಡಲಿಲ್ಲ. ಒಪ್ಪಂದದಲ್ಲಿ ಅವರ ಕರ್ತವ್ಯ ಬರೆದಿತ್ತು, ಊರಿನ ಕರ್ತವ್ಯ ಬರೆದಿರಲಿಲ್ಲ. ಮುಂದೆ 1923ರಲ್ಲಿ ಬ್ಯಾರಿಸ್ಟರಾಗಿ ಮುಂಬಯಿಗೆ ಬಂದಾಗ ವಕೀಲಿ ಸನದಿಗೆ ಕಟ್ಟುವ ಹಣ ಕೈಲಿರಲಿಲ್ಲ. ಗೆಳೆಯ ನವಲ್ ಭತೇನಾ ಕೊಟ್ಟರು. ನಮ್ಮವನ ಕಷ್ಟ ಏನೆಂದರೆ, ಗೆಳೆಯರು ದುಡ್ಡು ಕೂಡಿಸಿ ಕೊಡಬಹುದು, ಸಹಿ ಕೂಡಿಸಿ ಕೊಡೋಕಾಗಲ್ಲ.

ಈಗ ನಿಜವಾದ ಧರ್ಮಸಂಕಟಕ್ಕೆ ಬರೋಣ. ತಾಲೂಕು ಕೇಂದ್ರದಲ್ಲಿ ದುಡ್ಡು ತಗೊಂಡು ಸಹಿ ಮಾಡಿಸಿ ಕೊಡೋ ದಲ್ಲಾಳಿ ಒಬ್ಬನಿದ್ದ. ಯಾರೋ ಕಾಣದ ಕಂಟ್ರಾಕ್ಟರ ‘ಇವನು ನನ್ನ ಹತ್ತಿರ ದುಡಿದ’ ಅಂತ ಬರೆದುಕೊಡ್ತಾನೆ. ಕೊಂಡುಕೊಳ್ಳೋದಾ ಬೇಡವಾ? ನಾವು ಏಳೆಂಟು ಜನ ಹಾಸ್ಟೆಲಿನ ರೂಮಿನಲ್ಲಿ ಕೂತು ರಾತ್ರಿ ಎರಡರವರೆಗೆ ಕಿತ್ತಾಡಿದೆವು. ಒಬ್ಬ ಹೇಳಿದ: ‘ಕೆಲ್ಸ ನಿಜ, ಏಳ್ ವರ್ಷ ನಿಜ. ಕಾಗದದಲ್ಲಿರೋ ಹೆಸರೊಂದೇ ಸುಳ್ಳು. ಸುಳ್ಳು ಹುಟ್ಟಿಸಿದೋನು ಸೈನ್ ಹಾಕ್ದಿರೋ ಕಂಟ್ರಾಕ್ಟರು, ಪಾಪ ಅವನಿಗೆ ಹೋಗ್ಲಿ.’ ಇದಕ್ಕೆ ಉತ್ತರ ಕೊಡೋದು ಸುಲಭವಾಗಿರಲಿಲ್ಲ. ಇನ್ನೊಬ್ಬ ಹೇಳಿದ: ‘ಅದೇ ದಲ್ಲಾಳಿ ಹತ್ರ ವೈರೇ ಮುಟ್ಟದೋನೂ ಬರ್ತಾನೆ. ಅವನಿಗೂ ಅದೇ ಸೈನು, ಅದೇ ರೇಟು. ನಾಳೆ ಅವನು ಲೈನ್ ಆಫ್ ಆಗೈತೆ ಅಂದಾಗ ನಂಬಿ ಕಂಬ ಹತ್ತೋನು ನಮ್ಮ ಕೇರಿಯ ಹುಡುಗ.’

ನಮ್ಮ ತೀರ್ಮಾನ ಎರಡನೆಯವನ ಕಡೆಗೆ ವಾಲಿತು. ಇನ್ನೊಂದು ಕಾರಣವೂ ಇತ್ತು: ಸುಳ್ಳು ಕಾಗದ ಹಿಡಿದವನ ಜುಟ್ಟು ಹಳೇ ಕಂಟ್ರಾಕ್ಟರನ ಕೈಲೇ ಇರ್ತದೆ. ಒಂದು ಮೂಕರ್ಜಿ ಸಾಕು, ಪರ್ಮಿಟ್ಟೂ ಹೋಗ್ತದೆ, ಕೇಸೂ ಬೀಳ್ತದೆ. ಆದರೆ ಸತ್ಯ ಹೇಳಬೇಕು. ನಮ್ಮವನು ಕೊಳ್ಳದೆ ಇದ್ದದ್ದು ನಮ್ಮ ಭಾಷಣದಿಂದಲ್ಲ, ಕೈಲಿ ದುಡ್ಡಿರಲಿಲ್ಲ. ನಮ್ಮಲ್ಲೇ ಇಬ್ಬರು ಕೊಂಡಿದ್ದಾರೆ. ಅವರ ಜೊತೆ ನಾವು ಈಗಲೂ ಒಂದೇ ಬೆಂಚಿನಲ್ಲಿ ಟೀ ಕುಡಿಯುತ್ತೇವೆ.

ಕಾನೂನಿನ ದಾರಿ ಇಲ್ಲವೇ ಅಂತ ಕೇಳಬಹುದು. ಇದೆ, ಅರ್ಧ ಇದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ, 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲಿ 56ನೆಯ ಕಲಮು ಇದೆ: ಗುತ್ತಿಗೆ ಕಾರ್ಮಿಕ ಕೇಳಿದರೆ, ಅವನು ಮಾಡಿದ ಕೆಲಸದ ವಿವರ ಬರೆದು ಕಂಟ್ರಾಕ್ಟರ ಅನುಭವ ಪತ್ರ ಕೊಡಲೇಬೇಕು. ಓದಿ ಖುಷಿಪಟ್ಟೆವು. ಮುಂದಕ್ಕೆ ಓದಿದೆವು. ಆ ಅಧ್ಯಾಯ ಅನ್ವಯವಾಗೋದು 50 ಅಥವಾ ಅದಕ್ಕಿಂತ ಹೆಚ್ಚು ಗುತ್ತಿಗೆ ಕಾರ್ಮಿಕರಿರುವ ಕಡೆ. 1970ರ ಹಳೇ ಕಾಯ್ದೆಯಲ್ಲಿ ಈ ಸಂಖ್ಯೆ 20 ಇತ್ತು. ನಮ್ಮ ಕಂಟ್ರಾಕ್ಟರನ ಹತ್ತಿರ ಇದ್ದವರು ಐದೇ ಜನ. ದೊಡ್ಡ ಕಂಪನಿಗಳ ಗುತ್ತಿಗೆಯಲ್ಲಿ ದುಡಿಯೋರು ಈ ಕಲಮನ್ನ ಬಳಸಿ, ಬಾಯಲ್ಲಿ ಕೇಳದೆ ಬರಹದಲ್ಲಿ ಕೇಳಿ, ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀತಿ ಇಟ್ಟುಕೊಳ್ಳಿ.

ಐದೇ ಜನ ಇರೋ ಕಡೆ ಏನು ಮಾಡೋದು? ನಮ್ಮವನು ಪಕ್ಕದ ತಾಲೂಕಿನ ಬೇರೆ ಕಂಟ್ರಾಕ್ಟರನ ಹತ್ತಿರ ಸೇರಿದ. ಈತ ಮೊದಲ ದಿನವೇ ಹೆಸರು, ತಾರೀಖು ಬರೆದು ಸೀಲು ಹಾಕಿ ಕೊಟ್ಟ. ಅಂಥವರೂ ಇದ್ದಾರೆ. ಆದರೆ ಲೆಕ್ಕ ಅಲ್ಲಿಂದ ಹೊಸದಾಗಿ ಶುರು. ಹಿಂದಿನ ಏಳು ವರ್ಷ ಯಾವ ಪುಸ್ತಕದಲ್ಲೂ ಇಲ್ಲ. ಸಂಬಳವೂ ಮತ್ತೆ ಹೆಲ್ಪರಿನದೇ.

ಈಗ ಅವನು ಒಂದು ನೋಟ್‌ಬುಕ್ ಇಟ್ಟಿದ್ದಾನೆ. ಯಾವ ಊರು, ಯಾರ ಮನೆ, ಎಷ್ಟು ಪಾಯಿಂಟು, ಯಾವ ದಿನ ಅಂತ ಬರೆದು ಮನೆಯವರ ಸಹಿ ಹಾಕಿಸಿಕೊಳ್ತಾನೆ. ವಿದ್ಯುತ್ ಪರಿವೀಕ್ಷಣಾಲಯದವರು ಇದನ್ನು ಪುರಾವೆಯಾಗಿ ತಗೊಳ್ಳಲಿ ಅಂತ ನಾವೊಂದು ಮನವಿ ಬರೀತಾ ಇದ್ದೇವೆ. ಇದನ್ನು ಓದುವ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ನಿಮ್ಮ ಶಾಲೆಗೆ ವೈರಿಂಗ್ ಆದಾಗ ಬಿಲ್ಲಿನಲ್ಲಿ ಕಂಟ್ರಾಕ್ಟರನ ಹೆಸರು ಇರ್ತದೆ. ಏಣಿ ಮೇಲೆ ನಿಂತಿದ್ದ ಹುಡುಗನ ಹೆಸರು ಕೇಳಿ, ತಾರೀಖು ಹಾಕಿ, ಶಾಲೆಯ ಸೀಲಿನ ಜೊತೆ ಅವನ ಕೈಗೆ ಒಂದು ಚೀಟಿ ಬರೆದುಕೊಡಿ.