ಕೈಬಿಟ್ಟವುಗಳ ಪಟ್ಟಿ

ಪಟ್ಟಿ ಮಾಡುವ ಕೆಲಸಕ್ಕೂ ನೀತಿಗೂ ಏನು ಸಂಬಂಧ ಎಂದು ಅನ್ನಿಸುವುದು ಸಹಜ. ಇರುವುದನ್ನು ಎಣಿಸಿ ಬರೆದರೆ ಆಯಿತಲ್ಲ? ಆದರೆ ಊರು ಬಿಟ್ಟು ಬಂದವರಿಗೆ ಪಟ್ಟಿಯ ಬಿಸಿ ಚೆನ್ನಾಗಿ ಗೊತ್ತು. ಅಲ್ಲಿನ ಮತದಾರರ ಪಟ್ಟಿಯಿಂದ ಹೆಸರು ಹೋಗಿರುತ್ತದೆ, ಇಲ್ಲಿನದಕ್ಕೆ ಇನ್ನೂ ಬಂದಿರುವುದಿಲ್ಲ. ಮನುಷ್ಯ ಎರಡೂ ಕಡೆ ಇದ್ದಾನೆ, ಕಾಗದದಲ್ಲಿ ಎಲ್ಲೂ ಇಲ್ಲ. ಹಾಗಾದರೆ ಒಂದು ಪಟ್ಟಿ ಪ್ರಾಮಾಣಿಕ ಎಂದು ಯಾವಾಗ ಹೇಳಬಹುದು? ನನಗೆ ಒಳ್ಳೆಯ ಉತ್ತರ ಸಿಕ್ಕಿದ್ದು ಮನುಷ್ಯರ ಪಟ್ಟಿಯಲ್ಲಲ್ಲ, ನಕ್ಷತ್ರಗಳ ಪಟ್ಟಿಯಲ್ಲಿ.

1997ರಿಂದ 2001ರವರೆಗೆ ಎರಡು ದೂರದರ್ಶಕಗಳು ಇಡೀ ಆಕಾಶವನ್ನು ಅವಗೆಂಪು ಬೆಳಕಿನಲ್ಲಿ ಚಿತ್ರಿಸಿದವು. ಒಂದು ಅಮೆರಿಕದ ಅರಿಜೋನಾದಲ್ಲಿ, ಇನ್ನೊಂದು ದಕ್ಷಿಣದ ಆಕಾಶಕ್ಕಾಗಿ ಚಿಲಿಯಲ್ಲಿ. ಎರಡರ ಕನ್ನಡಿಯ ಅಗಲವೂ 1.3 ಮೀಟರ್, ಖಗೋಳ ವಿಜ್ಞಾನದ ಮಟ್ಟಿಗೆ ಸಣ್ಣದೇ. ಆಕಾಶದ ಪ್ರತಿ ಜಾಗವನ್ನೂ ಒಟ್ಟು 7.8 ಸೆಕೆಂಡು ನೋಡಿ ಮುಂದೆ ಹೋಗುವುದು ಅವುಗಳ ಕ್ರಮ. ಟೂಮಾಸ್ ಎಂದು ಕರೆಯುವ ಈ ಸಮೀಕ್ಷೆಯ ಪೂರ್ಣ ಪಟ್ಟಿ 2003ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಅದರಲ್ಲಿ ಬಿಂದುವಿನಂತೆ ಕಾಣುವ ಕಾಯಗಳು ಸುಮಾರು 47 ಕೋಟಿ, ಬಹುಪಾಲು ನಕ್ಷತ್ರಗಳು. ಹರಡಿಕೊಂಡು ಕಾಣುವಂಥವು, ಹೆಚ್ಚಾಗಿ ಗೆಲಾಕ್ಸಿಗಳು, 16 ಲಕ್ಷಕ್ಕೂ ಹೆಚ್ಚು.

ಅವಗೆಂಪು ಏಕೆ? ನಮ್ಮ ಕ್ಷೀರಪಥದ ತುಂಬ ಧೂಳಿದೆ. ಕಣ್ಣಿಗೆ ಕಾಣುವ ಬೆಳಕನ್ನು ಅದು ತಡೆಯುತ್ತದೆ, ಅವಗೆಂಪನ್ನು ಬಹಳಷ್ಟು ಬಿಟ್ಟುಕೊಡುತ್ತದೆ. ಬರಿಗಣ್ಣಿಗೆ ಕಪ್ಪಾಗಿ, ಖಾಲಿಯಾಗಿ ಕಾಣುವ ಕಡೆ ಈ ಚಿತ್ರಗಳಲ್ಲಿ ನಕ್ಷತ್ರಗಳು ಕಿಕ್ಕಿರಿದಿವೆ. ಆದರೆ ಅವಗೆಂಪಿಗೆ ತನ್ನದೇ ತೊಂದರೆಯಿದೆ. ಬೆಚ್ಚಗಿರುವುದೆಲ್ಲ ಅದನ್ನು ಸೂಸುತ್ತದೆ. ಗಾಳಿ ಸೂಸುತ್ತದೆ, ದೂರದರ್ಶಕವೂ ಸೂಸುತ್ತದೆ. ನೋಡುವ ಉಪಕರಣದ ಬಿಸಿಯೇ ನೋಡಿದ ಚಿತ್ರದೊಳಗೆ ಸೇರಿಕೊಳ್ಳುತ್ತದೆ. ಅದನ್ನು ತಗ್ಗಿಸಲೆಂದೇ ಮೂರು ಶೋಧಕಗಳಲ್ಲಿ ಒಂದನ್ನು ಉದ್ದ ತರಂಗಗಳ ಕಡೆ ಸ್ವಲ್ಪ ಕತ್ತರಿಸಿದ್ದರು. ಉಳಿದ ಹಿನ್ನೆಲೆಯನ್ನು ಲೆಕ್ಕ ಹಾಕಿ ಕಳೆದರು.

ನನಗೆ ಮುಖ್ಯವೆನಿಸಿದ್ದು ಇದರ ನಂತರದ್ದು. ಈ ಪಟ್ಟಿಯ ಪ್ರತಿ ಸಾಲಿನಲ್ಲೂ ಅಳತೆಯ ಜೊತೆಗೆ ಅನುಮಾನವನ್ನೂ ದಾಖಲಿಸಿದ್ದಾರೆ. ಅಳತೆ ಚೆನ್ನಾಗಿದ್ದರೆ ‘ಎ’ ಅಕ್ಷರ, ಗುಣಮಟ್ಟ ಇಳಿದಂತೆ ‘ಬಿ’, ‘ಸಿ’, ‘ಡಿ’. ಒಂದು ತರಂಗದಲ್ಲಿ ಕಾಯ ಕಾಣಲೇ ಇಲ್ಲವಾದರೆ ‘ಯು’: ಇದ್ದರೂ ಇಷ್ಟಕ್ಕಿಂತ ಪ್ರಕಾಶವಿರಲಾರದು ಎಂಬ ಮಿತಿ ಮಾತ್ರ. ಇನ್ನೊಂದು ‘ಎಕ್ಸ್’: ಇಲ್ಲಿ ಏನೋ ಇದೆ, ಆದರೆ ಎಷ್ಟು ಎಂದು ಅಳೆಯಲಾಗಲಿಲ್ಲ. ಪಕ್ಕದ ಪ್ರಖರ ನಕ್ಷತ್ರದ ಬೆಳಕು ಚಿಮ್ಮಿ ಅಳತೆ ಕೆಟ್ಟಿರಬಹುದಾದರೆ ಅದಕ್ಕೆ ಬೇರೆ ಗುರುತು. ಪ್ರಖರವಾದುದನ್ನು ನೋಡಿದ ಮೇಲೆ ಉಪಕರಣದಲ್ಲಿ ಅದರ ನೆರಳಚ್ಚು ಸ್ವಲ್ಪ ಹೊತ್ತು ಉಳಿಯುತ್ತದೆ. ಅದು ಮುಂದಿನ ಚಿತ್ರಕ್ಕೆ ಬೆರೆತಿರಬಹುದಾದರೆ ಅದಕ್ಕೂ ಒಂದು ಗುರುತು.

ಎರಡನೆಯದು, ಯಾವ ತಪ್ಪನ್ನು ಎಷ್ಟು ಸಹಿಸುತ್ತೇವೆ ಎಂಬ ನಿರ್ಧಾರ. ಪಟ್ಟಿಗೆ ಎರಡು ಬಗೆಯ ತಪ್ಪುಗಳಿವೆ: ಇಲ್ಲದ್ದನ್ನು ಸೇರಿಸುವುದು, ಇರುವುದನ್ನು ಬಿಡುವುದು. ಒಂದನ್ನು ಬಿಗಿ ಮಾಡಿದರೆ ಇನ್ನೊಂದು ಸಡಿಲವಾಗುತ್ತದೆ. ನಿಗದಿತ ಪ್ರಕಾಶಕ್ಕಿಂತ ಹೆಚ್ಚಿರುವ ಬಿಂದುಗಳಿಗೆ ಟೂಮಾಸ್ ಇಟ್ಟುಕೊಂಡ ಗುರಿ, ಸೇರಿದವುಗಳಲ್ಲಿ ಶೇ. 99.95 ನಿಜವಿರಬೇಕು, ಇರುವವುಗಳಲ್ಲಿ ಶೇ. 99 ಸಿಗಬೇಕು. ಅಂದರೆ ಸುಳ್ಳು ನಕ್ಷತ್ರ ಎರಡು ಸಾವಿರಕ್ಕೆ ಒಂದಕ್ಕಿಂತ ಹೆಚ್ಚು ಬೇಡ, ನಿಜ ನಕ್ಷತ್ರ ನೂರಕ್ಕೆ ಒಂದು ತಪ್ಪಿಹೋದರೂ ಸರಿ. ಇದು ಗಣಿತದಿಂದ ತಾನಾಗಿ ಬಂದ ಉತ್ತರವಲ್ಲ, ಮನುಷ್ಯರು ಮಾಡಿದ ಆಯ್ಕೆ. ಆಯ್ಕೆಯೆಂದು ಒಪ್ಪಿ, ಸಂಖ್ಯೆಯನ್ನು ಎಲ್ಲರೆದುರು ಇಟ್ಟರು.

ಮೂರನೆಯದು, ಹಾಗೆ ಕೈಬಿಟ್ಟವುಗಳನ್ನು ಅಳಿಸಲಿಲ್ಲ. ಮಾನದಂಡ ದಾಟದವುಗಳನ್ನು ‘ತಿರಸ್ಕೃತ ಕೋಷ್ಟಕ’ ಎಂದು ಪ್ರತ್ಯೇಕವಾಗಿ ಪ್ರಕಟಿಸಿದರು. ಎಚ್ಚರಿಕೆಯಿಂದ ಬಳಸಿ ಎಂಬ ಸೂಚನೆಯೊಂದಿಗೆ ಅದು ಇಂದಿಗೂ ಲಭ್ಯ.

ಈಗ ನನ್ನ ಕಸುಬಿನ ಮಾತು. ನಾನು ಪುಣೆಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ವರ್ಷಕ್ಕೊಮ್ಮೆ ತಂಡದ ಪ್ರತಿಯೊಬ್ಬರಿಗೂ ಒಂದರಿಂದ ಐದರೊಳಗೆ ಒಂದು ಅಂಕಿ ಕೊಡಬೇಕು. ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ, ಅಪ್ರೈಸಲ್‌ಗೆ ಎರಡೇ ತಿಂಗಳ ಮುಂಚೆ ಒಬ್ಬ ಹುಡುಗ ನನ್ನ ತಂಡಕ್ಕೆ ಬಂದಿದ್ದ. ಅವನ ಕೆಲಸವನ್ನು ಅಳೆಯುವಷ್ಟು ನಾನು ನೋಡಿರಲಿಲ್ಲ. ಫಾರ್ಮಿನಲ್ಲಿ ‘ಎಕ್ಸ್’ ಇರಲಿಲ್ಲ. ಅಂಕಿ ಹಾಕದೆ ಮುಂದಿನ ಪುಟ ತೆರೆಯುತ್ತಿರಲಿಲ್ಲ. ಮಧ್ಯದ ಮೂರನ್ನು ಹಾಕಿ, ಇದು ಅಳತೆಯಲ್ಲ ಎಂದು ಷರಾ ಕಾಲಮಿನಲ್ಲಿ ಬರೆದೆ, ಮೇಲಿನವರಿಗೂ ಹೇಳಿದೆ. ಆ ಮೇಲೆ ಜನರನ್ನು ಕಡಿಮೆ ಮಾಡುವ ಕಾಲ ಬಂದಾಗ ಎಕ್ಸೆಲ್ ಹಾಳೆಯಲ್ಲಿ ಅಂಕಿ ಮಾತ್ರ ಬಂತು, ಷರಾ ಬರಲಿಲ್ಲ. ಯಾರೋ ಹಾಳೆಯನ್ನು ಅಂಕಿಯ ಪ್ರಕಾರ ಜೋಡಿಸಿ ಗೆರೆ ಎಳೆದರು. ಹುಡುಗ ಗೆರೆಯ ಕೆಳಗಿದ್ದ. ಕಾರಣ ಕೇಳಿದವನಿಗೆ ಸಿಕ್ಕ ಉತ್ತರ ‘ಡೇಟಾ ಪ್ರಕಾರ’.

ನಕ್ಷತ್ರಕ್ಕೂ ನೌಕರನಿಗೂ ಹೋಲಿಕೆ ಏನು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಕ್ಷತ್ರಕ್ಕೆ ಮನೆಸಾಲದ ಕಂತಿಲ್ಲ, ಪಟ್ಟಿಯಿಂದ ಬಿಟ್ಟರೆ ಅದು ಬಡವಾಗುವುದಿಲ್ಲ. ಯಾರ ಹಿತಕ್ಕೂ ಧಕ್ಕೆಯಿಲ್ಲದಿರುವಾಗ ಅನುಮಾನವನ್ನು ಬರೆದಿಡುವುದು ಸುಲಭ. ಕಂಪನಿ ನಾಳೆಯೊಳಗೆ ನಿರ್ಧರಿಸಬೇಕು, ‘ಗೊತ್ತಿಲ್ಲ’ ಎಂಬ ಉತ್ತರದಿಂದ ಅದಕ್ಕೆ ಕೆಲಸ ನಡೆಯದು. ತಿರಸ್ಕೃತರ ಹೆಸರನ್ನು ಊರಿಗೆಲ್ಲ ಪ್ರಕಟಿಸುವುದಂತೂ ಕ್ರೌರ್ಯ. ಇದೆಲ್ಲ ಒಪ್ಪತಕ್ಕದ್ದೇ. ಆದರೆ ಇದೇ ವಾದ ತಿರುಗಿ ನಮ್ಮ ಮೇಲೇ ಬರುತ್ತದೆ. ನೋವಾಗದ ಕಾಯಗಳ ವಿಷಯದಲ್ಲೇ ಇಷ್ಟು ಜಾಗ್ರತೆ ಸಾಧ್ಯವಿದ್ದರೆ, ನೋವಾಗುವವರ ವಿಷಯದಲ್ಲಿ ಅದಕ್ಕಿಂತ ಕಡಿಮೆ ಸಾಕು ಎನ್ನಲು ಯಾವ ಕಾರಣವಿದೆ? ಬೇಗ ನಿರ್ಧರಿಸಬೇಕಾದವನು ನಿರ್ಧರಿಸಲಿ, ಆದರೆ ಊಹೆಯನ್ನು ಅಳತೆ ಎಂದು ಬರೆಯುವುದು ಬೇಡ. ಹೆಸರು ಊರಿಗೆ ತಿಳಿಯಬೇಕಿಲ್ಲ, ಆದರೆ ತನ್ನ ಸಾಲು, ಅದರ ಗುರುತು, ಕಾರಣ ಇವು ಆ ವ್ಯಕ್ತಿಗೆ ಕಾಣಬೇಕು. ಇದು ಆಗದ ಮಾತೇನಲ್ಲ. ಮತದಾರರ ಪಟ್ಟಿಗೆ ಎಷ್ಟೇ ದೂರುಗಳಿರಲಿ, ಮೊದಲು ಕರಡು ಪ್ರಕಟಿಸಿ ಆಕ್ಷೇಪಣೆ ಕೇಳುವ ಪದ್ಧತಿಯನ್ನು ನಮ್ಮ ದೇಶ ಇಟ್ಟುಕೊಂಡಿದೆ.

ಇಷ್ಟೆಲ್ಲ ಮಾಡಿದರೂ ಪಟ್ಟಿಯಲ್ಲಿರುವುದು ಬೇರೆ, ಯಾರಾದರೂ ಗಮನಿಸುವುದು ಬೇರೆ. 2013ರಲ್ಲಿ ಕೆವಿನ್ ಲೂಮನ್ ಎಂಬ ಖಗೋಳ ವಿಜ್ಞಾನಿ ವೈಸ್ ಎಂಬ ಇನ್ನೊಂದು ಅವಗೆಂಪು ಸಮೀಕ್ಷೆಯ ಚಿತ್ರಗಳಲ್ಲಿ ಒಂದು ಜೋಡಿ ಕಂದು ಕುಬ್ಜಗಳನ್ನು ಕಂಡುಹಿಡಿದರು. ದೂರ ಸುಮಾರು 6.5 ಜ್ಯೋತಿರ್ವರ್ಷ. ಸೂರ್ಯನಿಗೆ ಅದಕ್ಕಿಂತ ಹತ್ತಿರ ಇರುವುದು ಎರಡೇ ನಕ್ಷತ್ರ ವ್ಯವಸ್ಥೆಗಳು. ಹಳೆಯ ಚಿತ್ರಗಳನ್ನು ತೆಗೆದು ನೋಡಿದರೆ, ಟೂಮಾಸ್ ಅದನ್ನು 1999ರಲ್ಲೇ ದಾಖಲಿಸಿತ್ತು. ಕ್ಷೀರಪಥದ ಜನಜಂಗುಳಿಯ ನಡುವೆ ಒಂದು ಚುಕ್ಕೆಯಾಗಿ, ನಮ್ಮ ಪಕ್ಕದ ಮನೆಯೇ ವರ್ಷಗಟ್ಟಲೆ ಯಾರ ಗಮನಕ್ಕೂ ಬಾರದೆ ಉಳಿದಿತ್ತು.

ಕುಂಭ ರಾಶಿಯಲ್ಲೂ ಟೂಮಾಸ್‌ನಿಂದ ಸಿಕ್ಕ ಒಂದು ಮಂಕು ನಕ್ಷತ್ರವಿದೆ. ಪಟ್ಟಿಯಲ್ಲಿ ಅದಕ್ಕೆ ಹೆಸರೇ ಇಲ್ಲ, ಅದು ಇರುವ ಸ್ಥಾನದ ಅಂಕಿಗಳೇ ಹೆಸರು: ಜೆ 23062928-0502285. ಇಂದು ಅದನ್ನು ಟ್ರ್ಯಾಪಿಸ್ಟ್-1 ಎನ್ನುತ್ತಾರೆ. ಭೂಮಿಯ ಗಾತ್ರಕ್ಕೆ ಹತ್ತಿರವಿರುವ ಏಳು ಗ್ರಹಗಳು ಅದನ್ನು ಸುತ್ತುತ್ತಿವೆ ಎಂದು 2017ರಲ್ಲಿ ತಿಳಿಯಿತು. ಪಟ್ಟಿ ಮಾಡಿದವರಿಗೆ ಅದು ಗೊತ್ತಿರಲಿಲ್ಲ, ಗೊತ್ತಿರಬೇಕೆಂದೂ ಇರಲಿಲ್ಲ. ಅವರು ಮಾಡಿದ್ದಿಷ್ಟೇ: ಯಾರಾದರೂ ಮತ್ತೆ ಬಂದು ನೋಡಿದರೆ ಸಿಗುವ ಹಾಗೆ, ಎಲ್ಲಿ ಕಂಡಿತು, ಎಷ್ಟು ಖಚಿತ ಎಂದು ಬರೆದಿಟ್ಟರು. ಮನುಷ್ಯರ ಪಟ್ಟಿ ಮಾಡುವ ನಮ್ಮಂಥವರು ಕನಿಷ್ಠ ಅಷ್ಟನ್ನಾದರೂ ಕೇಳಬೇಕು. ಮುಂದಿನ ಅಪ್ರೈಸಲ್ ಫಾರ್ಮಿಗೆ ‘ಅಳೆಯಲಾಗಲಿಲ್ಲ’ ಎಂಬ ಒಂದು ಆಯ್ಕೆ ಸೇರಿಸಿ ಎಂದು ಈಗಿನ ಕಂಪನಿಯಲ್ಲಿ ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.