ಬಲಗೈ ಬಿಟ್ಟು

ಅಣ್ಣ ಫೋನ್ ಮಾಡಿದಾಗ ರಾತ್ರಿ ಹನ್ನೊಂದು ದಾಟಿತ್ತು. "ತಮ್ಮಾ, ಒಂದು ಫಾರ್ಮ್ ವಾಟ್ಸಾಪ್ ಮಾಡೀನಿ, ನೋಡು. ಇಂಗ್ಲಿಷ್ ನನಗೂ ಬರ್ತದ, ಆದ್ರ ಇದು ಬ್ಯಾರೆ ಇಂಗ್ಲಿಷ್ ಅದ" ಎಂದ. ನಾನು ಪಿಎಚ್.ಡಿ. ಮಾಡುತ್ತಿರುವುದು ವಚನಗಳಲ್ಲಿನ ಕಾಯಕದ ಬಗ್ಗೆ. ಆದರೆ ನಮ್ಮ ಮನೆಯಲ್ಲಿ ಪಿಎಚ್.ಡಿ. ಎಂದರೆ ಯಾವ ಕಾಗದ ಕೊಟ್ಟರೂ ಓದಿ ಹೇಳುವವನು ಎಂದೇ ಅರ್ಥ. ಪಹಣಿಯಿಂದ ಹಿಡಿದು ಬೆಳೆ ವಿಮೆಯ ರಸೀದಿಯವರೆಗೆ ಎಲ್ಲವೂ ನನ್ನ ಮುಂದೆಯೇ ಬರುತ್ತವೆ.

ಅಣ್ಣ ಕಲಬುರಗಿಯಲ್ಲಿ ಸರ್ಜನ್. ಸ್ವಂತ ಆಸ್ಪತ್ರೆ ಇಲ್ಲ. ಎರಡು ಮೂರು ಖಾಸಗಿ ಆಸ್ಪತ್ರೆಗಳು ಕರೆದಾಗ ಹೋಗಿ ಆಪರೇಷನ್ ಮಾಡಿ ಬರುತ್ತಾನೆ. ಒಂದಕ್ಕೆ ಇಷ್ಟು ಎಂದು ದುಡ್ಡು. ಸಂಬಳವಿಲ್ಲ, ಪಿ.ಎಫ್. ಇಲ್ಲ, ಕಾಯಿಲೆ ರಜೆ ಇಲ್ಲ. ಥಿಯೇಟರಿಗೆ ಹೋಗದ ದಿನ ಆದಾಯವೂ ಇಲ್ಲ. ಆ ಮಟ್ಟಿಗೆ ಅವನೂ ದಿನಗೂಲಿಯವನೇ, ಕೂಲಿ ದೊಡ್ಡದು ಅಷ್ಟೆ. ಅವನ ಪಿ.ಜಿ. ಸೀಟಿಗಾಗಿ ಅಪ್ಪ ಕಮಲಾಪುರದ ಎರಡು ಎಕರೆ ಕೆಂಪು ಬಾಳೆಯ ತೋಟ ಮಾರಿದರು. ಬೇರೆ ಬಾಳೆ ವರ್ಷದೊಳಗೆ ಗೊನೆ ಕೊಟ್ಟರೆ ಕಮಲಾಪುರದ ಕೆಂಪು ಬಾಳೆ ಹತ್ತಿರ ಹತ್ತಿರ ಒಂದೂವರೆ ವರ್ಷ ಕಾಯಿಸುತ್ತದೆ. ಅದಕ್ಕಿಂತ ಹೆಚ್ಚು ಕಾಯಿಸಿ ಅಣ್ಣ ಡಾಕ್ಟರಾದ. ತೋಟ ಈಗ ಅವನ ಎರಡು ಕೈಗಳಲ್ಲಿದೆ ಎಂದು ಅವ್ವ ಹೇಳುವುದು ಮಾತಿನ ಅಲಂಕಾರಕ್ಕಲ್ಲ, ಲೆಕ್ಕ ಇರುವುದೇ ಹಾಗೆ.

ಫಾರ್ಮು ಆ ಕೈಗಳಿಗೆ ಸಂಬಂಧಿಸಿದ್ದೇ ಆಗಿತ್ತು. ಪರಿಚಯದ ಕೆಲವು ವೈದ್ಯರು ಸೇರಿ ಒಂದು ಗುಂಪು ವಿಮೆ ಕೊಳ್ಳಲು ಹೊರಟಿದ್ದರು. ಕೆಲಸ ಮಾಡಲಾಗದ ಸ್ಥಿತಿ ಬಂದರೆ ಆದಾಯದ ಒಂದು ಪಾಲು ಕೈಗೆ ಬರುವಂಥದ್ದು. ಅಮೆರಿಕದ ವೈದ್ಯರಲ್ಲಿ ಇದು ಹಳೆಯ ರೂಢಿ. ಅಲ್ಲಿ ಕೆಲವು ತಿಂಗಳು ಕಾಯಬೇಕು, ಆಮೇಲೆ ತಿಂಗಳು ತಿಂಗಳು ದುಡ್ಡು ಬರುತ್ತದೆ. ಪೂರ್ತಿ ಆದಾಯವಲ್ಲ, ಅದರ ಒಂದು ಭಾಗ ಮಾತ್ರ. ಪೂರ್ತಿ ಕೊಟ್ಟರೆ ಮನುಷ್ಯ ಕೆಲಸಕ್ಕೆ ಮರಳುವುದಿಲ್ಲ ಎಂಬುದು ಕಂಪನಿಗಳ ನಂಬಿಕೆ. ನಮ್ಮಲ್ಲಿ ಸುಲಭವಾಗಿ ಸಿಗುವುದು ಅಪಘಾತ ವಿಮೆ. ಅದರಲ್ಲಿ ಕೆಲಸ ನಿಂತ ಕಾಲಕ್ಕೆ ವಾರಕ್ಕಿಷ್ಟು ಎಂದು, ಹೆಚ್ಚೆಂದರೆ ನೂರು ವಾರ ಕೊಡುವುದು ವಾಡಿಕೆ. ಬಿದ್ದು ಕೈ ಮುರಿದರೆ ಅಪಘಾತ. ನರ ಸವೆದು ಕೈ ನಡುಗಿದರೆ ಅದು ರೋಗ, ಬೇರೆ ಖಾತೆ. ಅಣ್ಣನ ಗುಂಪಿನ ಪಾಲಿಸಿಯಲ್ಲಿ ಹೆಚ್ಚಿನ ಪ್ರೀಮಿಯಂ ಕಟ್ಟಿ ರೋಗವನ್ನೂ ಸೇರಿಸಿದ್ದರು.

ಇಂಥ ಪಾಲಿಸಿಯ ಪ್ರಾಣವೆಲ್ಲ ಒಂದು ವ್ಯಾಖ್ಯೆಯಲ್ಲಿ ಇರುತ್ತದೆ. 'ಕೆಲಸ ಮಾಡಲಾಗದವನು' ಎಂದರೆ ಯಾರು? ತಾನು ಮಾಡುತ್ತಿದ್ದ ಕೆಲಸ ಮಾಡಲಾಗದವನೋ, ಯಾವ ಕೆಲಸವನ್ನೂ ಮಾಡಲಾಗದವನೋ? ಬೆರಳು ಹೋದ ಸರ್ಜನ್ ಕಾಲೇಜಿನಲ್ಲಿ ಪಾಠ ಹೇಳಬಹುದು, ಜ್ವರಕ್ಕೆ ಗುಳಿಗೆ ಬರೆದುಕೊಡಬಹುದು. ಮೊದಲ ವ್ಯಾಖ್ಯೆಯಂತೆ ಅವನಿಗೆ ದುಡ್ಡು ಬರುತ್ತದೆ, ಎರಡನೆಯದರಂತೆ ಬರುವುದಿಲ್ಲ. ವೈದ್ಯರು ಮೊದಲನೆಯದಕ್ಕೆ ಹೆಚ್ಚು ದುಡ್ಡು ತೆತ್ತು ಕೊಳ್ಳುತ್ತಾರೆ.

ಇದು ಶ್ರೀಮಂತರ ಸೂಕ್ಷ್ಮ ಎಂದು ಮೊದಲು ಅನ್ನಿಸಿತು. ಆಮೇಲೆ ನೆನಪಾಯಿತು, ಇದೇ ಪ್ರಶ್ನೆಯನ್ನು ನಮ್ಮ ಸುಪ್ರೀಂ ಕೋರ್ಟು ಒಬ್ಬ ಬಡಗಿಯ ವಿಷಯದಲ್ಲಿ ಎಪ್ಪತ್ತರ ದಶಕದಲ್ಲೇ ಬಿಡಿಸಿದೆ. ಪ್ರತಾಪ್ ನಾರಾಯಣ್ ಸಿಂಗ್ ದೇವ್ ಮತ್ತು ಶ್ರೀನಿವಾಸ ಸಬತಾ ಪ್ರಕರಣದಲ್ಲಿ ಬಡಗಿಯ ಎಡಗೈಯನ್ನು ಮೊಣಕೈ ಮೇಲೆ ಕತ್ತರಿಸಬೇಕಾಗಿ ಬಂದಿತ್ತು. ಒಂದು ಕೈ ಉಳಿದಿದೆಯಲ್ಲ ಎಂದು ಮಾಲೀಕರ ವಾದ. ಒಂದೇ ಕೈಯಲ್ಲಿ ಬಡಗಿತನ ಆಗುವುದಿಲ್ಲ, ಆದ್ದರಿಂದ ನಷ್ಟ ನೂರಕ್ಕೆ ನೂರು ಎಂಬ ಆದೇಶವನ್ನೇ ಕೋರ್ಟು ಎತ್ತಿಹಿಡಿಯಿತು. ರಾಜ್‌ಕುಮಾರ್ ಮತ್ತು ಅಜಯ್ ಕುಮಾರ್ ಪ್ರಕರಣದಲ್ಲಿ ಅದೇ ಕೋರ್ಟು ಇನ್ನೂ ಬಿಡಿಸಿ ಹೇಳಿತು: ಎಡಗೈ ಹೋದರೆ ದೇಹದ ನಷ್ಟ ಶೇ. 60ರಷ್ಟಿರಬಹುದು, ಆದರೆ ಡ್ರೈವರನಿಗೋ ಬಡಗಿಗೋ ಗಳಿಕೆಯ ನಷ್ಟ ಹೆಚ್ಚುಕಡಿಮೆ ಪೂರ್ತಿ. ಸರ್ಕಾರಿ ಗುಮಾಸ್ತನಿಗೆ ನೌಕರಿಯೇ ಹೋಗದಿರಬಹುದು. ಕೈ ಒಂದೇ, ಬೆಲೆ ಬೇರೆ ಬೇರೆ.

ಓದುವಾಗ ನ್ಯಾಯವೆನಿಸಿದ ಈ ಮಾತು ಕಮಲಾಪುರಕ್ಕೆ ಹೋದಾಗ ಅಷ್ಟು ಸಲೀಸಾಗಿ ಗಂಟಲಲ್ಲಿ ಇಳಿಯಲಿಲ್ಲ. ಅಲ್ಲಿ ನಮ್ಮ ಸೋದರಮಾವ ಇದ್ದಾನೆ. ಕಲಬುರಗಿಯ ಒಂದು ದಾಲ್‌ಮಿಲ್ಲಿನಲ್ಲಿ ಹತ್ತು ವರ್ಷ ದುಡಿದವನು. ಬೆಲ್ಟಿಗೆ ಸಿಕ್ಕಿ ಬಲಗೈಯ ತೋರುಬೆರಳು, ನಡುಬೆರಳು ಎರಡೂ ಹೋದವು. 1923ರ ಕಾರ್ಮಿಕರ ಪರಿಹಾರ ಕಾಯ್ದೆಗೆ ಒಂದು ಪಟ್ಟಿ ಅಂಟಿಸಿದ್ದರು: ಹೆಬ್ಬೆರಳಿಗೆ ಶೇ. 30, ತೋರುಬೆರಳಿಗೆ 14, ನಡುಬೆರಳಿಗೆ 12, ಉಂಗುರ ಬೆರಳು ಅಥವಾ ಕಿರುಬೆರಳಿಗೆ 7. ಒಂದೇ ಕೈಯ ಎರಡು ಬೆರಳು ಹೋದರೆ 20. ಅಂಗಡಿಯ ದರಪಟ್ಟಿಯ ಹಾಗೆ ಕಾಣುತ್ತದೆ, ಆದರೆ ಅದನ್ನು ಹಳಿಯುವ ಮೊದಲು ತಡೆಯಬೇಕು. ಮಾಮಾನಿಗೆ ಆ ದರವೂ ಸಿಗಲಿಲ್ಲ. ಅವನ ಹೆಸರು ಮಿಲ್ಲಿನ ಯಾವ ರಿಜಿಸ್ಟರಿನಲ್ಲೂ ಇರಲಿಲ್ಲ. ಆಸ್ಪತ್ರೆ ಖರ್ಚು ಕೊಟ್ಟು, ಮೇಲೆ ಒಂದಿಷ್ಟು ನೋಟು ಮಡಚಿ ಕೈಗಿಟ್ಟು ಕಳಿಸಿದರು. ಈಗ ಒಂದು ಗೋದಾಮಿನಲ್ಲಿ ರಾತ್ರಿ ಕಾವಲು. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಇತ್ತಲ್ಲ ಎಂದು ನಾನೇ ಹುಡುಕಿದ್ದೆ. ಅದರಲ್ಲಿ ಒಂದು ಕೈ ಪೂರ್ತಿ ಹೋದರೆ ಒಂದು ಲಕ್ಷ, ಎರಡೂ ಕೈ ಹೋದರೆ ಎರಡು ಲಕ್ಷ. ಎರಡು ಬೆರಳಿಗೆ ಅಲ್ಲಿ ಜಾಗವಿಲ್ಲ.

ಅಣ್ಣನ ವಿಮೆಯ ವಿಷಯ ಮಾಮಾನಿಗೆ ತಿಳಿಸಿ ಹೇಳಲು ನೋಡಿದೆ. ಕಟ್ಟೆಯ ಮೇಲೆ ಕುಂತು ಪೂರ್ತಿ ಕೇಳಿದ. "ಅವ್ನ ಕೈ ಹ್ವಾದ್ರೇನಾತೋ? ಕುರ್ಚಿ ಮ್ಯಾಲ ಕುಂತು ಗುಳಿಗಿ ಬರ್ದು ಕೊಡ್ತಾನಲ್ಲ. ನಾ ವಾಚ್‌ಮನ್ ಆಗಿಲ್ಲೇನು?" ಎಂದ.

ಹೊಟ್ಟೆಕಿಚ್ಚಿನ ಮಾತಲ್ಲ ಅದು. ಅಳಿಯನ ಬಗ್ಗೆ ಮಾಮಾನಿಗೆ ಹೆಮ್ಮೆ ಬಹಳ. ತನಗೆ ಲೋಕ ಅನ್ವಯಿಸಿದ ವ್ಯಾಖ್ಯೆಯನ್ನೇ ಅವನು ಅಣ್ಣನಿಗೂ ಅನ್ವಯಿಸಿದ, ಅಷ್ಟೆ. ವಾಚ್‌ಮನ್ ಆಗಿದ್ದಾನೆ, ಹಾಗಾದರೆ ನಷ್ಟವೆಲ್ಲಿ? ತನ್ನದೇ ಕೆಲಸ ತನಗೆ ಬೇಕು ಎನ್ನುವ ಹಕ್ಕನ್ನು ದುಡ್ಡು ಕೊಟ್ಟು ಕೊಳ್ಳಬಹುದು ಎಂಬುದೇ ಅವನಿಗೆ ಹೊಸ ಸಂಗತಿ.

ಇಲ್ಲಿ ನನ್ನ ಥೀಸಿಸ್ಸು ಅಡ್ಡ ಬಂತು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ. ಶರಣರ ಹೆಸರಿಗೇ ಕೆಲಸ ಅಂಟಿಕೊಂಡಿದೆ. ಹಗ್ಗ ಹೊಸೆಯುವ ಬೆರಳು ಹೋದರೆ ಚಂದಯ್ಯ ಬೇರೆ ಕಾಯಕ ಹಿಡಿಯಬಹುದಿತ್ತು, ನಿಜ. ಕಾಯಕದಲ್ಲಿ ಮೇಲು ಕೀಳಿಲ್ಲ ಎಂದ ಮೇಲೆ ಹಗ್ಗವಾದರೇನು, ಕಾವಲಾದರೇನು? ಕಾಶ್ಮೀರದ ಅರಸನೊಬ್ಬ ಕಲ್ಯಾಣಕ್ಕೆ ಬಂದು ಕಟ್ಟಿಗೆ ಮಾರುವ ಮೋಳಿಗೆ ಮಾರಯ್ಯನಾದ ಕಥೆಯೂ ನಮ್ಮಲ್ಲಿದೆ. ಆದರೆ ಮಾರಯ್ಯ ತಾನಾಗಿ ಕಿರೀಟ ಬಿಟ್ಟವನು. ಮಾಮಾನ ಬೆರಳನ್ನು ಬೆಲ್ಟು ಕಿತ್ತುಕೊಂಡಿತು. ಎಲ್ಲ ಕಾಯಕವೂ ಸಮ ಎಂಬ ಮಾತನ್ನು ಕೆಲಸ ಕಳೆದುಕೊಂಡವನ ಎದುರಿಗೆ ಸಮಾಧಾನವಾಗಿ ಹೇಳಿದರೆ ಅದು ವಚನದ ಮಾತಾಗಿ ಉಳಿಯುವುದಿಲ್ಲ, ಮಿಲ್ ಮಾಲೀಕನ ಮಾತಾಗುತ್ತದೆ. (ಇದನ್ನು ಅಧ್ಯಾಯದಲ್ಲಿ ಸೇರಿಸಲೇ ಎಂದು ಗೈಡ್‌ರನ್ನು ಕೇಳಿದೆ. ಅಡಿಟಿಪ್ಪಣಿಯಲ್ಲಿ ಹಾಕಿ ಎಂದರು.)

ಶರಣರ ಕಡೆಯಿಂದ ಇನ್ನೊಂದು ತಕರಾರೂ ಏಳಬಹುದು. ಅಂದಿಗೆ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡನನ್ನು ಆಯ್ದಕ್ಕಿ ಲಕ್ಕಮ್ಮ ಹಿಂದಕ್ಕೆ ಕಳಿಸಿದಳು. ನಾಳೆಗೆಂದು ಕೂಡಿಡುವುದೇ ಅಪನಂಬಿಕೆ. ಹಾಗಾದರೆ ವಿಮೆ? ನನಗೆ ಕಾಣುವ ಮಟ್ಟಿಗೆ ವಿಮೆ ಕೂಡಿಡುವುದಲ್ಲ. ಒಬ್ಬೊಬ್ಬರೂ ತಮ್ಮ ಭಯಕ್ಕೆ ಸಾಕಾಗುವಷ್ಟು ಕೂಡಿಡಲು ಹೊರಟರೆ ಕಣಜಗಳು ಸಾಲುವುದಿಲ್ಲ. ನೂರು ಜನ ಸೇರಿದರೆ ಬೀಳುವ ಇಬ್ಬರಿಗೆ ಸಾಕಾಗುವಷ್ಟು ಹಾಕಿದರಾಯಿತು. ಊರಲ್ಲಿ ಮುಯ್ಯಾಳು ಎನ್ನುತ್ತಾರೆ: ಇವತ್ತು ನಿನ್ನ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಯಜಮಾನ ಜ್ವರ ಬಂದು ಮಲಗಿದರೂ ಅವನ ಬಿತ್ತನೆ ನಿಲ್ಲುತ್ತಿರಲಿಲ್ಲ ಎಂದು ಅಪ್ಪ ಹೇಳುತ್ತಾರೆ. ಯಾರ ಸೊಂಟ ಹಿಡಿದಿದೆ, ಯಾರಿಗೆ ಕಣ್ಣು ಮಂಜು ಎಂಬುದು ಇಡೀ ಓಣಿಗೆ ಗೊತ್ತಿರುತ್ತಿತ್ತು, ಅದಕ್ಕೆ ಫಾರ್ಮು ಬೇಕಿರಲಿಲ್ಲ. ಆದರೆ ಹೊಲ ಇದ್ದವನಿಗೆ ಮಾತ್ರ ಮುಯ್ಯಿ. ಹೊಲ ಇಲ್ಲದ ಕೂಲಿಯವನು ಯಾರ ಮುಯ್ಯಿ ತೀರಿಸಬೇಕು, ಯಾರು ಅವನದು ತೀರಿಸಬೇಕು? ಊರಾಚೆಯ ಕೇರಿಗಂತೂ ಆ ಲೆಕ್ಕ ತಲುಪುತ್ತಲೇ ಇರಲಿಲ್ಲ. ವೈದ್ಯರ ಗುಂಪೂ ಹಾಗೆಯೇ. ಆಸ್ಪತ್ರೆಯಲ್ಲಿ ಅಣ್ಣನ ಕೈಗೆ ಕತ್ತರಿ ಕೊಡುವ ನರ್ಸು ಆ ಗುಂಪಿನಲ್ಲಿಲ್ಲ.

ಮೂರನೆಯ ಪುಟದ ಒಂದು ಕಾಲಂ ಬಳಿ ಅಣ್ಣ ನಿಂತುಬಿಟ್ಟಿದ್ದ. ಈಗಾಗಲೇ ಇರುವ ದೌರ್ಬಲ್ಯ, ನೋವು, ಕಾಯಿಲೆ ಏನಾದರೂ ಇದ್ದರೆ ಬರೆಯಿರಿ. ಉದ್ದದ ಆಪರೇಷನ್ ಮುಗಿಸಿದ ರಾತ್ರಿ ಬಲಗೈಯ ಎರಡು ಬೆರಳು ಜೋಮು ಹಿಡಿಯುತ್ತಿವೆ ಎಂದು ಆಗ ಮೊದಲ ಸಲ ಹೇಳಿದ. "ಬರೀಲೋ, ಬ್ಯಾಡೋ?"

ನಾನು ಬಹಳ ಹೊತ್ತು ಮಾತಾಡಿದೆ. ವಿಮೆ ನಡೆಯುವುದೇ ಪೂರ್ಣ ವಿಶ್ವಾಸದ ಮೇಲೆ. ಗೊತ್ತಿದ್ದದ್ದನ್ನು ಮುಚ್ಚಿಟ್ಟರೆ ಮುಂದೆ ಕ್ಲೇಮು ತಳ್ಳಿಹಾಕಬಹುದು. ಅದು ಬಿಡು, ಕಂಪನಿಗೆ ಮೋಸ ಮಾಡಿದರೆ ಕಂಪನಿಗೇನೂ ಆಗುವುದಿಲ್ಲ. ಕ್ಲೇಮು ಹೆಚ್ಚಾದ ಗುಂಪಿಗೆ ಮುಂದಿನ ವರ್ಷ ಪ್ರೀಮಿಯಂ ಏರುತ್ತದೆ, ಕಟ್ಟುವವರು ನಿನ್ನ ಗೆಳೆಯರೇ, ಎಂದೆ. ಅಣ್ಣ ತಾಳ್ಮೆಯಿಂದ ಕೇಳಿದ. "ಫಾರ್ಮು ಹೋಗೂದು ಅವರ ಕೈಯಾಗೇ ಅಲ್ಲೇನು? ಕಲಬುರಗಿ ಎಷ್ಟರ ಊರದ? ಸರ್ಜನ್‌ಗ ಕೈ ಜೋಮು ಅಂತ ಸಂಜಿತನ ಸುದ್ದಿ ಹಬ್ಬತದ. ಮರುದಿನ ಯಾರ್ ಕರೀತಾರ?" ಎಂದ.

ಅವನ ಮಾತು ಸುಳ್ಳಲ್ಲ. ಯಾವ ನಷ್ಟಕ್ಕೆ ವಿಮೆ ಬೇಕೋ, ನಿಜ ಬರೆದರೆ ಆ ನಷ್ಟವೇ ಇವತ್ತು ಶುರುವಾಗುತ್ತದೆ. ವಿಮೆಯ ನೈತಿಕತೆಯ ಬಗ್ಗೆ ನಾನು ಓದಿದ್ದರಲ್ಲಿ ಈ ಇಕ್ಕಟ್ಟು ಎಲ್ಲೂ ಸಿಕ್ಕಿರಲಿಲ್ಲ. ಖಾಲಿ ಬಿಡು ಎನ್ನುವುದಕ್ಕೆ ನಾನು ಹತ್ತಿರ ಬಂದಿದ್ದೆ. ಜೋಮಿಗೆ ಇನ್ನೂ ಹೆಸರಿಲ್ಲ, ಪರೀಕ್ಷೆಯೇ ಆಗಿಲ್ಲ, ಗೊತ್ತಿಲ್ಲದ್ದನ್ನು ಬರೆಯುವುದು ಹೇಗೆ ಎಂಬ ವಾದವೂ ತಯಾರಾಗಿತ್ತು. ಗೊತ್ತಾಗದಿರಲೆಂದೇ ಅವನು ಪರೀಕ್ಷೆ ಮಾಡಿಸಿಕೊಂಡಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಆಗ ಅಣ್ಣ ಎಂದ, "ನಾಳೆ ಮುಂಜಾನಿ ಎರಡು ಕೇಸ್ ಅವ. ಇಡ್ತೀನಿ."

ಮುಕ್ಕಾಲು ಗಂಟೆ ಕಂಪನಿ, ಗುಂಪು, ಪ್ರೀಮಿಯಂ, ಗೆಳೆಯರು ಎಂದು ಮಾತಾಡಿದ್ದೆವು. ಮುಂಜಾನೆ ಮೇಜಿನ ಮೇಲೆ ಮಲಗುವ ಆ ಇಬ್ಬರು ನಮ್ಮ ಮಾತಿನಲ್ಲಿ ಒಮ್ಮೆಯೂ ಬಂದಿರಲಿಲ್ಲ. ಒಬ್ಬ ವೈದ್ಯ, ಒಬ್ಬ ಕಾಯಕದ ಬಗ್ಗೆ ಥೀಸಿಸ್ ಬರೆಯುವವನು. ಫಾರ್ಮಿನಲ್ಲಿ ರೋಗಿಗೆ ಕಾಲಂ ಇರಲಿಲ್ಲ ನಿಜ, ಆದರೆ ನಮ್ಮ ತಲೆಗೇನಾಗಿತ್ತು? ಫೋನ್ ಇಟ್ಟ ಮೇಲೆ ಹೊಳೆಯಿತು. ತಿರುಗಿ ಮಾಡಿದೆ, ಎತ್ತಲಿಲ್ಲ. "ನಾಳಿನ ಕೇಸಿಗೆ ಬ್ಯಾರೆಯವರನ್ನ ಕರೀ ಅಣ್ಣಾ" ಎಂದು ಮೆಸೇಜ್ ಹಾಕಿದೆ. ಎರಡು ನೀಲಿ ಗೀಟು ಮೂಡಿದವು, ಉತ್ತರ ಬರಲಿಲ್ಲ. ಆ ಎರಡು ಕೇಸು ಅವನೇ ಮಾಡಿದ. ಎರಡೂ ಸುಸೂತ್ರವಾದವು. ಅದರಿಂದ ಏನು ಸಾಬೀತಾಯಿತು ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ಆ ವಾರವೇ ಸೊಲ್ಲಾಪುರಕ್ಕೆ ಹೋಗಿ ನರದ ಪರೀಕ್ಷೆ ಮಾಡಿಸಿಕೊಂಡ. ನಾನೂ ಜೊತೆಗಿದ್ದೆ. ಅಲ್ಲಿ ಅವನನ್ನು ಗುರುತಿಸುವವರಿಲ್ಲ, ರೋಗಿಗಳ ಸಾಲಿನಲ್ಲಿ ಚೀಟಿ ಹಿಡಿದು ಕುಂತಿದ್ದ. ಕುತ್ತಿಗೆಯ ಬಳಿ ನರಕ್ಕೆ ಒತ್ತಡವಿದೆ ಎಂದರು. ಕಲಬುರಗಿಗೆ ಬಂದು ಮೂರು ತಿಂಗಳು ಆಪರೇಷನ್ ಮಾಡುವುದಿಲ್ಲ ಎಂದು ಆಸ್ಪತ್ರೆಗಳಿಗೆ ತಾನೇ ಹೇಳಿದ, ಕಾರಣ ಸಮೇತ. ಕರೆಯುವುದು ಕಡಿಮೆಯಾಯಿತು, ಅವನು ಹೇಳಿದ ಹಾಗೆಯೇ. ಇದನ್ನೆಲ್ಲ ಬರೆಯಲೇ ಎಂದಾಗ "ಇನ್ನ ಮುಚ್ಚಿಡೂದೇನು ಉಳದದ, ಬರಿ" ಎಂದ.

ಕಾಲಂ ತುಂಬಿ ಫಾರ್ಮ್ ಕಳಿಸಿದ. ತಿಂಗಳಾದ ಮೇಲೆ ಕಂಪನಿಯ ಪತ್ರ ಬಂತು. ಸದಸ್ಯತ್ವ ಒಪ್ಪಿದ್ದೇವೆ, ಬಲಗೈ ಮತ್ತು ಕುತ್ತಿಗೆಗೆ ಸಂಬಂಧಿಸಿದ ಯಾವುದೇ ಕ್ಲೇಮಿಗೆ ಈ ಪಾಲಿಸಿ ಅನ್ವಯಿಸುವುದಿಲ್ಲ. ಉರಿಯುತ್ತಿರುವ ಮನೆಗೆ ಯಾರೂ ವಿಮೆ ಕೊಡುವುದಿಲ್ಲ, ಅವರ ಲೆಕ್ಕ ನನಗೂ ತಿಳಿಯುತ್ತದೆ. ಪ್ರೀಮಿಯಂನಲ್ಲಿ ಒಂದು ರೂಪಾಯಿಯೂ ಕಡಿಮೆ ಇರಲಿಲ್ಲ.

ಕಳೆದ ಅಮಾವಾಸ್ಯೆಗೆ ಕಮಲಾಪುರಕ್ಕೆ ಹೋದಾಗ ಆ ಪತ್ರವನ್ನು ಮಾಮಾನಿಗೆ ಓದಿ ಹೇಳಿದೆ. "ಬಲಗೈ ಬಿಟ್ಟು?" ಎಂದು ಎರಡು ಸಲ ಕೇಳಿದ. ಆಮೇಲೆ ಒಳಗಿನಿಂದ ಒಂದು ಚಿಪ್ಪು ಕೆಂಪು ಬಾಳೆಹಣ್ಣು ತಂದ. ನಾವು ಮಾರಿದ ತೋಟದ್ದೇ, ಈಗಿನ ಮಾಲೀಕರು ಕೊಟ್ಟದ್ದಂತೆ. ಹೆಬ್ಬೆರಳು ಮತ್ತು ಉಂಗುರ ಬೆರಳಿನ ನಡುವೆ ಹಣ್ಣು ಹಿಡಿದು ಸಿಪ್ಪೆ ಸುಲಿದು ಅಣ್ಣನ ಮುಂದೆ ಹಿಡಿದ. ಅಣ್ಣ ಎಡಗೈ ಚಾಚಿದ.